ಮೊದಲ ಗಿಟಾರ್‌ಗೆ ಹೊರದೇಶದಿಂದ ಸ್ಪ್ರೂಸ್ ಮರ ತರಿಸುವಾಗ ಏನೇನು ಕೇಳಬೇಕು?

ಪ್ರಶ್ನೆ (ಶಿವಮೊಗ್ಗ): ಸರ್, ಹವ್ಯಾಸಕ್ಕೆ ಸ್ಟೀಲ್ ತಂತಿಯ ಅಕೂಸ್ಟಿಕ್ ಗಿಟಾರ್ ಮಾಡಲು ಹೊರಟಿದ್ದೇನೆ. ಹಿಂಬದಿ, ಪಕ್ಕ, ಫಿಂಗರ್‌ಬೋರ್ಡ್‌ಗೆ ಬೀಟೆ ಇಲ್ಲೇ ಬಿಲ್ ಸಮೇತ ಸಿಕ್ಕಿದೆ. ಮೇಲ್ಹಲಗೆಯ ಸ್ಪ್ರೂಸ್, ಫ್ರೆಟ್ ತಂತಿ (ಫಿಂಗರ್‌ಬೋರ್ಡ್ ಮೇಲಿನ ಲೋಹದ ಅಡ್ಡಗೆರೆಗಳಿಗೆ), ಟ್ರಸ್ ರಾಡ್ (ಕುತ್ತಿಗೆಯ ಬಾಗು ಸರಿಪಡಿಸುವ ಒಳಸರಳು) ಇಷ್ಟನ್ನು ಯುರೋಪಿನ ಒಂದು ಸಣ್ಣ ಅಂಗಡಿಯಿಂದ ತರಿಸಬೇಕು. ಇಬ್ಬರೇ ನಡೆಸುವ ಅಂಗಡಿ. ಎ, ಎಎ, ಎಎಎ ಅಂತ ದರ್ಜೆ ಹಾಕಿದ್ದಾರೆ. ಎಎಎಗೆ ಬೆಲೆ ದುಪ್ಪಟ್ಟು. ಯಾವುದು ತಗೊಳ್ಳಲಿ? ಸಾಮಾನು ಬರುವಷ್ಟರಲ್ಲಿ ಕುತ್ತಿಗೆಯಲ್ಲಿ ರಾಡ್‌ನ ಕಾಲುವೆ ಕೊರೆದಿಟ್ಟುಕೊಳ್ಳಬಹುದಾ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಕೊರೆಯಬೇಡಿ. 6 ಮಿಮೀ ರಾಡ್ ಇದೆ, ಕಾಲಿಂಚಿನದ್ದೂ ಇದೆ, ಅಂದರೆ 6.35. ಕಾಲಿಂಚಿನ ಬಿಟ್‌ನಲ್ಲಿ ಕೊರೆದ ಕಾಲುವೆಗೆ 6ರ ರಾಡ್ ಇಟ್ಟರೆ ಕೆಲವು ಸ್ವರಗಳಿಗೆ ಒಳಗೇ ಗಿರ್ ಅನ್ನುತ್ತದೆ. ಫಿಂಗರ್‌ಬೋರ್ಡ್ ಅಂಟಿಸಿದ ಮೇಲೆ ಅದನ್ನು ತೆಗೆಯುವುದು ದೊಡ್ಡ ರಗಳೆ. ಆಳವೂ ಒಂದೇ ಸಮ ಇರುವುದಿಲ್ಲ, ಎರಡು ತುದಿಯ ಹಿತ್ತಾಳೆ ಕಟ್ಟೆಗಳು ನಡುಭಾಗಕ್ಕಿಂತ ದಪ್ಪ. ಕೈಗೆ ಬಂದ ರಾಡನ್ನು ವರ್ನಿಯರ್‌ನಲ್ಲಿ ಮೂರು ಕಡೆ ಅಳೆದು ಆಮೇಲೆ ರೂಟರ್ ಹಿಡಿಯಿರಿ.

ಇನ್ನು ದರ್ಜೆ. ಎಎಎ ಎನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ, ಒಬ್ಬರ ಎಎ ಇನ್ನೊಬ್ಬರ ಎಎಎ. ಬಹುಪಾಲು ಅದು ಬಣ್ಣ, ಗೆರೆಗಳ ಸಮತೆಯ ಲೆಕ್ಕ, ನಾದದ್ದಲ್ಲ. ಹಾಗಾಗಿ ದರ್ಜೆ ಬಿಟ್ಟು ಅಂಕಿ ಕೇಳಿ. ಮೇಲ್ಹಲಗೆ ಎರಡು ಅರ್ಧ ಸೇರಿಸಿ ಮಾಡುವುದು; ಪ್ರತಿ ಅರ್ಧದ ಅಳತೆ 550 × 200 ಮಿಮೀಗೆ ಕಡಿಮೆ ಬೇಡ, ದಪ್ಪ ಕನಿಷ್ಠ 4 ಮಿಮೀ (ಕೊನೆಗೆ ನೀವು 2.8ರ ಆಸುಪಾಸಿಗೆ ಇಳಿಸುತ್ತೀರಿ). ಜೊತೆಗೆ ಎರಡು ಫೋಟೋ ಮತ್ತು ತೂಕ. ಮೊದಲ ಫೋಟೋ ತುದಿಯ ಅಡ್ಡಕೊಯ್ಲಿನದು, ಗೆರೆಗಳು ಹಲಗೆಯ ಮೈಗೆ ನೆಟ್ಟಗೆ ನಿಂತಿರಬೇಕು. ಎರಡನೆಯದು ಎರಡು ಅರ್ಧಗಳನ್ನು ಪುಸ್ತಕದ ಹಾಗೆ ಬಿಡಿಸಿ ಒಂದೇ ಬದಿಯ ಬೆಳಕಿನಲ್ಲಿ ತೆಗೆದದ್ದು. ಒಂದರ್ಧ ಹೊಳೆದು ಇನ್ನೊಂದು ಮಂಕಾಗಿ ಕಂಡರೆ ನಾರು ಹಲಗೆಯ ಮೈಯಿಂದ ಓರೆಯಾಗಿ ಹೊರಬಿದ್ದಿದೆ ಎಂದರ್ಥ. ನೋಡಲು ಎಷ್ಟೇ ಚೆಂದ ಇರಲಿ, ಉದ್ದಕ್ಕೆ ಅದರ ಬಿಗಿ ಕಡಿಮೆ, ಬ್ರಿಡ್ಜ್ (ಮೇಲ್ಹಲಗೆಯ ಮೇಲೆ ತಂತಿ ಹಿಡಿಯುವ ಪಟ್ಟಿ) ಹತ್ತಿರ ಸೀಳುವ ಭಯವೂ ಇದೆ. ಅಂಥದ್ದಕ್ಕಿಂತ ಬಣ್ಣ ಕಲೆತ ಎ ದರ್ಜೆಯ ನೇರ ನಾರಿನ ಹಲಗೆಯೇ ವಾಸಿ.

ತೂಕ ಏಕೆಂದರೆ 550 × 200 × 4.5 ಮಿಮೀ ಅರ್ಧ ಸುಮಾರು 208 ಗ್ರಾಂ ತೂಗಿದರೆ ಸಾಂದ್ರತೆ ಘನ ಮೀಟರಿಗೆ 420 ಕಿಲೋ ಆಯಿತು, ಒಳ್ಳೆಯದು. ತೂಕ 250 ಗ್ರಾಂ ದಾಟಿದರೆ ಮೊದಲ ಗಿಟಾರ್‌ಗೆ ಬೇಡ.

ಇದೆಲ್ಲ ಒಂದೇ ಮೇಲ್‌ನಲ್ಲಿ ಹೋಗಲಿ. ಗರಗಸದ ಮುಂದೆ ನಿಂತವರೇ ಮೇಲ್‌ಗೂ ಉತ್ತರ ಬರೆಯಬೇಕು. ವಾರ ತಡವಾದರೆ ಮೋಸ ಅಂದುಕೊಳ್ಳಬೇಡಿ, ದಿನಾ ಜ್ಞಾಪಿಸಲೂ ಬೇಡಿ. ಆದರೆ ಸರಕು ಕೈಯಲ್ಲಿ ಇದೆ ಎಂದು ಅವರು ಬರೆದು ಹೇಳುವವರೆಗೆ ದುಡ್ಡು ಕಟ್ಟಬೇಡಿ. ಸಸ್ಯ ಕ್ವಾರಂಟೈನ್ ಕುರಿತ 2003ರ ಆದೇಶದ ಪ್ರಕಾರ ಮರದ ಜೊತೆ ಫೈಟೋಸ್ಯಾನಿಟರಿ ಪ್ರಮಾಣಪತ್ರ (ಕೀಟ, ರೋಗ ಇಲ್ಲವೆಂಬ ಪತ್ರ) ಬೇಕಾಗುತ್ತದೆ. ಕೊಡಿಸುತ್ತಾರಾ, ಅದಕ್ಕೆಷ್ಟು ಅಂತ ಮೊದಲೇ ಕೇಳಿ. ಇನ್‌ವಾಯ್ಸ್‌ನಲ್ಲಿ ಬರೀ ಸ್ಪ್ರೂಸ್ ಅಂತಿದ್ದರೆ ಸಾಲದು, ಪಿಸಿಯಾ ಅಬೀಸ್ ಎಂದು ಸಸ್ಯಶಾಸ್ತ್ರೀಯ ಹೆಸರೂ ಇರಲಿ. ಹೇಗೂ ಪತ್ರದ ಖರ್ಚು ಬೀಳುತ್ತದೆ, ಎರಡು ಜೊತೆ ಹಲಗೆ ತರಿಸಿ. ಮೊದಲನೆಯದು ಕೆಡುವ ಸಂಭವ ಇದ್ದೇ ಇದೆ.

ಪ್ರಶ್ನೆ (ಅವರೇ): ಫ್ರೆಟ್ ತಂತಿ ಎಷ್ಟು ಉದ್ದ? ಬೀಟೆಯ ಫಿಂಗರ್‌ಬೋರ್ಡ್‌ನಲ್ಲಿ ಫ್ರೆಟ್ ಕೂರುವ ಸೀಳನ್ನು 0.6 ಮಿಮೀ ಗರಗಸದಲ್ಲಿ ಹಾಕಬಹುದಾ?

ಉತ್ತರ: 20 ಫ್ರೆಟ್‌ಗೆ 1.2 ಮೀಟರ್ ಸಾಕು, 2 ಮೀಟರ್ ತಗೊಳ್ಳಿ. ಗರಗಸ ಈಗಲೇ ಬೇಡ. ತಂತಿಯ ಕೆಳಗಿನ ನಾಲಿಗೆ ಎಷ್ಟು ದಪ್ಪ, ಅದರ ಮುಳ್ಳು ಎಷ್ಟು ಹೊರಚಾಚಿದೆ ಎಂದು ಕೇಳಿ. ನಾಲಿಗೆ 0.5 ಇದ್ದರೆ 0.58ರ ಸೀಳು ಸರಿಹೋಗುತ್ತದೆ. ಬೇಡದ ಚೂರಿನಲ್ಲಿ ಮೂರು ಫ್ರೆಟ್ ಹೊಡೆದು ನೋಡಿ. ಸೀಳು ಸಡಿಲವಾದರೆ ಫ್ರೆಟ್ ತುದಿ ಮೇಲೇಳುತ್ತದೆ. ಬಿಗಿಯಾದರೆ ಇಪ್ಪತ್ತು ಬೆಣೆ ಬಡಿದಂತಾಗಿ ಕುತ್ತಿಗೆಯೇ ಹಿಂದಕ್ಕೆ ಬಾಗುತ್ತದೆ, ಆಗ ಸುಮ್ಮನೆ ರಾಡ್‌ಗೆ ಬೈಯುತ್ತೇವೆ.

ಪ್ರಶ್ನೆ (ಮಂಗಳೂರು): ನನ್ನ ಹತ್ತಿರ ಸ್ಪ್ರೂಸ್ ಬಂದು ನಾಲ್ಕು ದಿನ ಆಯ್ತು. ಈ ಜುಲೈ ಮಳೆಯಲ್ಲೇ ಹಲಗೆಯ ಒಳಮೈಗೆ ಬಲ ಕೊಡುವ ಪಟ್ಟಿ ಅಂಟಿಸಬಹುದಾ?

ಉತ್ತರ: ಬೇಡವೇ ಬೇಡ. ಒದ್ದೆ ಗಾಳಿಯಲ್ಲಿ ಉಬ್ಬಿದ ಹಲಗೆಗೆ ಅಡ್ಡಪಟ್ಟಿ ಅಂಟಿಸಿದರೆ, ಆ ಗಿಟಾರ್ ಒಣ ಊರಿಗೆ ಹೋದ ಬೇಸಿಗೆಯಲ್ಲಿ ಸೀಳು ಬಿಡುತ್ತದೆ. ಮರದ ತೇವಾಂಶ ಶೇ. 4 ಇಳಿದರೆ 400 ಮಿಮೀ ಅಗಲದ ಸ್ಪ್ರೂಸ್ ಎರಡು ಮಿಮೀ ಮೇಲೇ ಕುಗ್ಗುತ್ತದೆ, ಪಟ್ಟಿಗಳು ಉದ್ದಕ್ಕೆ ಕುಗ್ಗುವುದಿಲ್ಲ. ಮುಚ್ಚಿದ ಕಪಾಟಿನ ತಳದಲ್ಲಿ 40 ವಾಟಿನ ಹಳೇ ಕಾಲದ ಬಲ್ಬ್, ಮರಕ್ಕೆ ತಾಗದಂತೆ. ಹಲಗೆಗಳ ನಡುವೆ ಸಮದಪ್ಪದ ರಿಪೀಸು ಕೊಟ್ಟು ಇಡಿ. ಒಳಗಿನ ಆರ್ದ್ರತೆ ಶೇ. 45ರಿಂದ 50. ಆರ್ದ್ರತೆಯ ಮೀಟರ್ ನಂಬುವ ಮೊದಲು ಪರೀಕ್ಷೆ ಮಾಡಿ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ ಕೆಸರಾಗುವಷ್ಟು ನೀರು ಬಿಟ್ಟು, ಮೀಟರ್ ಜೊತೆ ಜಿಪ್ ಚೀಲದಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು. 80 ತೋರಿಸಿದರೆ 5 ಕಳೆದು ಓದಿ. ಹಲಗೆಯನ್ನು ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಗಿ ಹಲಗೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಶೇ. 1 ತೇವಾಂಶ ಹೋದರೆ ಸುಮಾರು 2 ಗ್ರಾಂ ಇಳಿಯುತ್ತದೆ. ವಾರವಿಡೀ ಅಂಕಿ ಕದಲದಿದ್ದರೆ ಹಲಗೆ ತಯಾರು.

ಅಂದಹಾಗೆ, ಬಂದ ದಿನವೇ ಮೈಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಒರೆಸಿ ನೋಡಿದ್ದೀರಾ? ಕೂದಲೆಳೆಯ ಬಿರುಕಿದ್ದರೆ ಅಲ್ಲಿ ಒದ್ದೆ ಗೆರೆ ಉಳಿಯುತ್ತದೆ. ಇದ್ದರೆ ಫೋಟೋ, ಅಳತೆ ಸಹಿತ ಅಂಗಡಿಯವರಿಗೆ ಇಂದೇ ಬರೆಯಿರಿ. ತೋಪಡ ಹಾಕಿದ ಹಲಗೆಯನ್ನು ಯಾವ ಅಂಗಡಿಯವರೂ ವಾಪಸ್ ತಗೊಳ್ಳುವುದಿಲ್ಲ.

ಪ್ರಶ್ನೆ (ಶಿವಮೊಗ್ಗ): ಇನ್ನೊಂದು ಸರ್. ಆ ಅಂಗಡಿಯವರು ದುಡ್ಡಿನ ಬದಲು ಬೀಟೆ ಫಿಂಗರ್‌ಬೋರ್ಡ್ ಹಲಗೆ ಕಳಿಸಿದರೂ ಆದೀತು ಅಂತಿದ್ದಾರೆ.

ಉತ್ತರ: ಒಪ್ಪಬೇಡಿ. ಬೀಟೆ ಸೇರಿದ ಡಾಲ್ಬರ್ಜಿಯಾ ಕುಲವಿಡೀ 2017ರ ಜನವರಿ 2ರಿಂದ ಸೈಟಿಸ್ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿಯಂತ್ರಣದಲ್ಲಿದೆ. 2019ರ ನವೆಂಬರ್‌ನಲ್ಲಿ ಸಿಕ್ಕ ವಿನಾಯಿತಿ ಪೂರ್ತಿ ತಯಾರಾದ ವಾದ್ಯ ಮತ್ತು ಬಿಡಿಭಾಗಗಳಿಗೆ, ಕೊಯ್ದ ಹಲಗೆಗಲ್ಲ. ಪರ್ಮಿಟ್ ಇಲ್ಲದೆ ಗಡಿ ದಾಟಿಸುವಂತಿಲ್ಲ. ದುಡ್ಡನ್ನೇ ಕಟ್ಟಿ, ನಿಮ್ಮ ಬೀಟೆಯ ಬಿಲ್ಲನ್ನೂ ಜೋಪಾನವಾಗಿಡಿ; ಗಿಟಾರ್ ಮುಗಿದ ಮೇಲೂ ಬೇಕಾಗುತ್ತದೆ.