ಇತಿಹಾಸದವರು ನಿನ್ನೆ ಮೊನ್ನೆಯ ಚುನಾವಣೆ, ವಲಸೆಗಳ ಬಗ್ಗೆ ಸಂಶೋಧನೆ ಮಾಡಬಾರದೇ?

ಇತಿಹಾಸ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಪ್ರಸ್ತಾವನೆ ಬರೆಯುತ್ತಿದ್ದೇನೆ. ವಿಷಯ ಜಿಂಬಾಬ್ವೆ. 1980ರ ಸ್ವಾತಂತ್ರ್ಯದಿಂದ ಹಿಡಿದು, 2000ದ ನಂತರ ಜನ ಆ ದೇಶ ಬಿಟ್ಟು ಹೊರಟ ಕಾಲದವರೆಗೆ ಬರೆಯಬೇಕೆಂಬ ಆಸೆ. ಸಲಹೆ ಕೇಳಲು ಹೋದಾಗ ಹಿರಿಯರೊಬ್ಬರು, "ಐವತ್ತು ವರ್ಷ ಹಳೆಯದಾಗದೆ ಯಾವುದೂ ಇತಿಹಾಸವಲ್ಲ. ಚುನಾವಣೆಯನ್ನು ರಾಜ್ಯಶಾಸ್ತ್ರದವರಿಗೆ ಬಿಡಮ್ಮ, ವಲಸೆಯನ್ನು ಸಮಾಜಶಾಸ್ತ್ರದವರಿಗೆ ಬಿಡು" ಎಂದರು. ಅಲ್ಲಿಂದ ಒಂದು ಸಾಲೂ ಮುಂದೆ ಹೋಗಿಲ್ಲ. ಇವೆಲ್ಲವನ್ನೂ ಮಾಡಿದ ಇತಿಹಾಸಕಾರರು ಯಾರಾದರೂ ಇದ್ದಾರೆಯೇ? ಅವರು ನಡೆದ ದಾರಿ ಹೇಗಿತ್ತು?

ಲೆಸ್ಟರ್ ಗುಮಾಸ್ತ

ಇದ್ದರು, ತಂಗಿ. ಟೆರೆನ್ಸ್ ರೇಂಜರ್. 2015ರ ಜನವರಿಯಲ್ಲಿ ತೀರಿಕೊಂಡರು. ನಾನು ಇತಿಹಾಸ ಓದಿದವನಲ್ಲ. ಇಂಗ್ಲೆಂಡಿನ ಲೆಸ್ಟರಿನಲ್ಲಿ, ವಲಸೆ ಪ್ರಕರಣಗಳನ್ನು ನಡೆಸುವ ವಕೀಲರ ಕಚೇರಿಯಲ್ಲಿ ಹನ್ನೊಂದು ವರ್ಷ ಗುಮಾಸ್ತನಾಗಿದ್ದೆ. ಅವರ ಹೆಸರು ನನಗೆ ಮೊದಲು ಕಂಡದ್ದು ಕಡತಗಳ ಅಡಿಟಿಪ್ಪಣಿಗಳಲ್ಲಿ. ಆಮೇಲೆ ಗ್ರಂಥಾಲಯದಲ್ಲಿ ಹುಡುಕಿ ಓದಿದೆ.

ಅವರು ಆಫ್ರಿಕಾವನ್ನು ಓದಿಕೊಂಡು ಆಫ್ರಿಕಾಕ್ಕೆ ಹೋದವರಲ್ಲ. ಡಾಕ್ಟರೇಟ್ ಮಾಡಿದ್ದು ಹದಿನೇಳನೆಯ ಶತಮಾನದ ಐರ್ಲೆಂಡಿನಲ್ಲಿ ಭೂಮಿ ಕೂಡಿಟ್ಟ ಒಬ್ಬ ಶ್ರೀಮಂತನ ಮೇಲೆ. 1957ರಲ್ಲಿ ಸಾಲ್ಸ್‌ಬರಿಗೆ, ಅಂದರೆ ಇಂದಿನ ಹರಾರೆಗೆ, ಪಾಠ ಹೇಳಲು ಹೋದರು. ಅಲ್ಲಿ ವರ್ಣಭೇದದ ವಿರುದ್ಧ ಬೀದಿಗಿಳಿದರು. ಈಜುಕೊಳವೊಂದರ ಬಳಿ ಪ್ರತಿಭಟಿಸುವಾಗ ಅವರನ್ನು ಉಟ್ಟ ಬಟ್ಟೆಯಲ್ಲೇ ನೀರಿಗೆ ತಳ್ಳಿದರು. 1963ರಲ್ಲಿ ಬಿಳಿಯರ ಸರ್ಕಾರ ಅವರನ್ನು ಗಡಿಪಾರು ಮಾಡಿತು. ಅಲ್ಲಿಂದ ದಾರ್ ಎಸ್ ಸಲಾಮ್‌ಗೆ ಹೋಗಿ ಹೊಸ ವಿಶ್ವವಿದ್ಯಾಲಯದಲ್ಲಿ ಇತಿಹಾಸ ವಿಭಾಗ ಕಟ್ಟಿದರು. ಮುಂದೆ ಲಾಸ್ ಏಂಜಲೀಸ್, ಮ್ಯಾಂಚೆಸ್ಟರ್, ಕೊನೆಗೆ 1987ರಿಂದ ಹತ್ತು ವರ್ಷ ಆಕ್ಸ್‌ಫರ್ಡ್.

1967ರಲ್ಲಿ ಅವರ ದೊಡ್ಡ ಪುಸ್ತಕ ಬಂತು. 1896–97ರಲ್ಲಿ ಇಂದಿನ ಜಿಂಬಾಬ್ವೆಯ ಜನ ಬ್ರಿಟಿಷರ ವಿರುದ್ಧ ಎದ್ದ ದಂಗೆ ಅದರ ವಿಷಯ. ನೆಹಾಂಡಾಳಂಥ, ಹಿರಿಯರ ಆತ್ಮ ಮೈಮೇಲೆ ಬರುವವರೇ ಆ ದಂಗೆಯನ್ನು ಬೆಸೆದರು ಎಂದು ಬರೆದರು. ಬಿಳಿಯರ ಆಳ್ವಿಕೆಯ ವಿರುದ್ಧ ಕಾಡಿನಲ್ಲಿ ಹೋರಾಡುತ್ತಿದ್ದ ಹುಡುಗರಿಗೆ ಆ ಕಥೆ ಬಲ ಕೊಟ್ಟಿತು. ಮುಂದೆ 2000ದ ನಂತರ, ಸ್ವಾತಂತ್ರ್ಯದಿಂದಲೂ ದೇಶ ಆಳುತ್ತಿದ್ದ ಮುಗಾಬೆಯವರ ಪಕ್ಷ ಚುನಾವಣೆ ಗೆಲ್ಲಲು ಅದೇ ಕಥೆಯನ್ನು ಯುವಕರ ಶಿಬಿರಗಳಲ್ಲಿ, ಟಿ.ವಿ.ಯಲ್ಲಿ ಬಡಿದು ಬಡಿದು ಹೇಳಿತು: ನೆಹಾಂಡಾಳ ವಾರಸುದಾರರು ನಾವು, ವಿರೋಧ ಪಕ್ಷದವರು ದ್ರೋಹಿಗಳು. ಆಗ ರೇಂಜರ್ ಸುಮ್ಮನಿರಲಿಲ್ಲ. 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ 'ದೇಶಭಕ್ತ ಇತಿಹಾಸ' ಎಂದು ಹೆಸರಿಟ್ಟು, ಇದು ತಾವು ಬರೆಯುತ್ತಿದ್ದ ಇತಿಹಾಸಕ್ಕಿಂತ ಎಷ್ಟು ಕಿರಿದು ಎಂದು ಬಿಡಿಸಿ ತೋರಿಸಿದರು. ಚುನಾವಣೆ ಅವರ ವಿಷಯವಾದದ್ದು ಹೀಗೆ. ಅವರು ಅದನ್ನು ಹುಡುಕಿಕೊಂಡು ಹೋಗಲಿಲ್ಲ, ಅದೇ ಅವರ ಪುಸ್ತಕವನ್ನು ಹುಡುಕಿಕೊಂಡು ಬಂತು.

ಇನ್ನು ವಲಸೆ. ನಿವೃತ್ತರಾದ ಮೇಲೆ ಅವರು ಬ್ರಿಟನ್ನಿನಲ್ಲಿ ಆಶ್ರಯ ಕೋರಿದ ಜಿಂಬಾಬ್ವೆಯವರ ಪರವಾಗಿ ದುಡಿದರು. ಆಶ್ರಯ ಕೇಳಿದ ಮಹಿಳೆಯರು ಹೇಳುವ ಕಥನಗಳ ಬಗ್ಗೆ 2005ರಲ್ಲಿ ಲೇಖನ ಪ್ರಕಟಿಸಿದರು.

ಇಂಥ ಪ್ರಕರಣದಲ್ಲಿ ಇತಿಹಾಸಕಾರನಿಗೆ ಏನು ಕೆಲಸ ಎಂದು ನಿಮಗೆ ಅನ್ನಿಸಬಹುದು. ನಾನು ಕಂಡದ್ದನ್ನು ಹೇಳುತ್ತೇನೆ. ನಮ್ಮಲ್ಲಿಗೆ ಬಂದ ಒಬ್ಬ ಮಹಿಳೆ ದೇಶದ ದಕ್ಷಿಣದ ಕೇಜಿ ಕಡೆಯವರು. ವಿರೋಧ ಪಕ್ಷದ ಕೆಲಸ ಮಾಡಿ ಏಟು ತಿಂದು ಬಂದಿದ್ದರು. ಹೇಳಿಕೆಯಲ್ಲಿ ಮೊದಲು ಬರೆಸಿದ್ದು ಆ ಏಟನ್ನಲ್ಲ. 1984ರಲ್ಲಿ ತಮಗೆ ಒಂಬತ್ತು ವರ್ಷವಾಗಿದ್ದಾಗ ಊರಿನ ಅಂಗಡಿಗಳಿಗೆ ಬೀಗ ಬಿದ್ದದ್ದು, ಮೆಕ್ಕೆಜೋಳದ ಹಿಟ್ಟು ಮುಗಿದದ್ದು, ತಾಯಿ ಖಾಲಿ ಡಬ್ಬದ ತಳವನ್ನು ಒದ್ದೆ ಬೆರಳಿನಿಂದ ಒರೆಸಿ ತಮ್ಮನ ಬಾಯಿಗಿಟ್ಟದ್ದು. ಅರ್ಜಿ ತಿರಸ್ಕರಿಸಿದ ಪತ್ರದಲ್ಲಿ, 'ಅದು ಬರಗಾಲದ ಹಸಿವು, ಕಿರುಕುಳವಲ್ಲ' ಎಂಬ ಒಂದೇ ಸಾಲು.

ನಮ್ಮ ವಕೀಲರು ಇತಿಹಾಸಕಾರರೊಬ್ಬರಿಂದ ವರದಿ ಬರೆಸಿದರು (ರೇಂಜರ್ ಅಲ್ಲ, ಬೇರೆಯವರು). ಅದನ್ನು ನಾಲ್ಕು ಪ್ರತಿ ತೆಗೆದು ಪುಟಗಳಿಗೆ ಅಂಕಿ ಹಾಕಿದವನು ನಾನು. ಬರ ಇದ್ದದ್ದು ನಿಜ, ಅದರ ಮೂರನೆಯ ವರ್ಷ ಅದು. ಆ ಬರದ ನಡುವೆಯೇ 1984ರ ಫೆಬ್ರುವರಿಯಲ್ಲಿ ಮುಗಾಬೆಯವರ ಸರ್ಕಾರ, ಕೇಜಿ ಇರುವ ದಕ್ಷಿಣ ಮಟಬೆಲೆಲ್ಯಾಂಡ್ ಪ್ರಾಂತ್ಯದ ಮೇಲೆ ಕರ್ಫ್ಯೂ ಹೇರಿ, ಅಂಗಡಿ ಮುಚ್ಚಿಸಿ, ಆಹಾರ ಸಾಗಣೆ ತಡೆದಿತ್ತು. ಗುಕುರಾಹುಂಡಿ ಎನ್ನುತ್ತಾರೆ ಆ ದಮನಕ್ಕೆ. ಶೋನಾ ಭಾಷೆಯಲ್ಲಿ, ಹೊಟ್ಟನ್ನು ಕೊಚ್ಚಿಕೊಂಡು ಹೋಗುವ ಮೊದಲ ಮಳೆ ಎಂದರ್ಥ. ಹೊಟ್ಟು ಎಂದರೆ ಅಲ್ಲಿನ ಎನ್‌ಡೆಬೆಲೆ ಜನ, ಆಗಿನ ವಿರೋಧ ಪಕ್ಷದ ಬೆಂಬಲಿಗರೆಂದು ಸರ್ಕಾರ ಎಣಿಸಿದವರು. ಅಂಥ ಊರಿನವಳು ಇಪ್ಪತ್ತು ವರ್ಷದ ನಂತರ ವಿರೋಧ ಪಕ್ಷದ ಚೀಟಿ ಹಿಡಿದರೆ ಆಳುವವರ ಕಣ್ಣಿಗೆ ಹೇಗೆ ಕಾಣುತ್ತಾಳೆ ಎಂಬುದನ್ನು ಆ ವರದಿ ವಿವರಿಸಿತು. 1984 ಗೊತ್ತಿಲ್ಲದವರಿಗೆ ಆ ಹೇಳಿಕೆಯನ್ನು ಓದಲು ಬರುವುದಿಲ್ಲ, ತಂಗಿ.

ನಿವೃತ್ತ ಉಪನ್ಯಾಸಕ, ಮೈಸೂರು

ಗುಮಾಸ್ತರ ಮಾತಿಗೆ ಎರಡು ತಿದ್ದುಪಡಿ ಸೇರಿಸಬೇಕು. ಮೊದಲನೆಯದು: 1967ರ ಪುಸ್ತಕದ ವಾದ ಹಾಗೆಯೇ ನಿಲ್ಲಲಿಲ್ಲ. ದಂಗೆಯನ್ನು ಧರ್ಮವೇ ಬೆಸೆಯಿತು ಎಂಬುದನ್ನು ಜೂಲಿಯನ್ ಕಾಬಿಂಗ್ ಮತ್ತು ಡೇವಿಡ್ ಬೀಚ್ 1970ರ ದಶಕದ ಕೊನೆಯಲ್ಲೇ ಪ್ರಶ್ನಿಸಿದರು. ಎರಡನೆಯದು: ರೈತರು ಮತ್ತು ಗೆರಿಲ್ಲಾಗಳ ಒಗ್ಗಟ್ಟಿನ ಮೇಲಿನ ರೇಂಜರ್ ಪುಸ್ತಕ ಬಂದದ್ದು 1985ರಲ್ಲಿ, ಅಂದರೆ ನೀವು ಹೇಳಿದ ಕರ್ಫ್ಯೂ ಆದ ಮರುವರ್ಷ. ಅದು ಪೂರ್ವದ ಮಕೋನಿ ಜಿಲ್ಲೆಯ ಅಧ್ಯಯನ, ನಿಜ. ಆದರೂ ಗೆರಿಲ್ಲಾಗಳು ರೈತರ ಮೇಲೆಯೇ ನಡೆಸಿದ ಬಲಾತ್ಕಾರವನ್ನು ಮುಂದಿಟ್ಟು ಬರೆಯಲು 1992ರಲ್ಲಿ ನಾರ್ಮಾ ಕ್ರೀಗರ್ ಬರಬೇಕಾಯಿತು. ವಿದ್ಯಾರ್ಥಿನಿ ಒಬ್ಬರನ್ನೇ ಗುರುವಾಗಿ ಹಿಡಿಯಬಾರದು. ಜಿಂಬಾಬ್ವೆಯವರೇ ಆದ ಇತಿಹಾಸಕಾರ ನ್ಗ್ವಾಬಿ ಭೇಬೆಯವರನ್ನೂ ಓದಲಿ.

ಲೆಸ್ಟರ್ ಗುಮಾಸ್ತ

ಸರ್, ಎರಡನ್ನೂ ಒಪ್ಪುತ್ತೇನೆ. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದೇ ಇದರ ನಂತರದ ಕೆಲಸದಿಂದ. 2000ದಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಜೊಸಿಲಿನ್ ಅಲೆಕ್ಸಾಂಡರ್ ಮತ್ತು ಜೋಆ್ಯನ್ ಮೆಕ್‌ಗ್ರೆಗರ್ ಜೊತೆ ಉತ್ತರ ಮಟಬೆಲೆಲ್ಯಾಂಡಿನ ಕಾಡುಸೀಮೆಯ ನೂರು ವರ್ಷಗಳ ಹಿಂಸೆ ಮತ್ತು ನೆನಪಿನ ಇತಿಹಾಸ ಬರೆದರು. ಗುಕುರಾಹುಂಡಿ ಅದರೊಳಗಿದೆ. 'ಕಲ್ಪಿತ ಸಂಪ್ರದಾಯ'ದ ಬಗ್ಗೆ, ಅಂದರೆ ಹಳೆಯದೆಂದು ತೋರಿಸಿದರೂ ಈಚೆಗೆ ಹುಟ್ಟಿಸಿದ ಆಚರಣೆಗಳ ಬಗ್ಗೆ, 1983ರಲ್ಲಿ ಬರೆದು ಜಗತ್ತಿಗೆಲ್ಲ ಪರಿಚಿತರಾದವರು, ಹತ್ತು ವರ್ಷದ ಮೇಲೆ ತಮ್ಮ ಆ ಅಧ್ಯಾಯವನ್ನೇ ತಿದ್ದಿ ಮತ್ತೆ ಬರೆದರು.

ಇತಿಹಾಸ ವಿದ್ಯಾರ್ಥಿನಿ, ಧಾರವಾಡ

ಇಬ್ಬರಿಗೂ ಧನ್ಯವಾದ. ಸರ್, ಭೇಬೆಯವರ ಪುಸ್ತಕ ನಮ್ಮ ಗ್ರಂಥಾಲಯದಲ್ಲಿಲ್ಲ, ತರಿಸಿಕೊಡಲು ಕೇಳಿದ್ದೇನೆ. ಪ್ರಸ್ತಾವನೆಯ ಮೊದಲ ಅಧ್ಯಾಯವನ್ನು 1984ರ ಕರ್ಫ್ಯೂನಿಂದ ಆರಂಭಿಸಿ, ಕೊನೆಯದನ್ನು ಬ್ರಿಟನ್ ಜಿಂಬಾಬ್ವೆಯವರಿಗೆ ವೀಸಾ ಕಡ್ಡಾಯ ಮಾಡಿದ 2002ರ ನವೆಂಬರಿನಲ್ಲಿ ನಿಲ್ಲಿಸುತ್ತೇನೆ. ಒಂದೇ ಪ್ರಶ್ನೆ: ಕೇಜಿಯ ಆ ಮಹಿಳೆಗೆ ಕೊನೆಗೆ ಏನಾಯಿತು?

ಲೆಸ್ಟರ್ ಗುಮಾಸ್ತ

ಮೇಲ್ಮನವಿಯಲ್ಲಿ ಗೆದ್ದರು. ತೀರ್ಪಿನಲ್ಲಿ ನ್ಯಾಯಾಧೀಶರು ಬರ, ಕರ್ಫ್ಯೂ ಎರಡನ್ನೂ ಹೆಸರಿಸಿದ್ದರು. ಓದಿ ಹೇಳಿದಾಗ ಆಕೆ ಕೇಳಿದ್ದು, ಆ ಪುಟದ ಪ್ರತಿ ತಾಯಿಗೆ ಕಳುಹಿಸಬಹುದೇ ಎಂದು. ತೆಗೆದುಕೊಟ್ಟೆ.