ಜೀನ್, ಬಾಲ್ಯದ ಹಿಂಸೆ, ಮಿದುಳು: ಇಂಥ ಅಧ್ಯಯನ ಮಾಡಿದವರು ಅನುಭವ ಹೇಳಿ

ಕೇಳಿದವರು: ಪಿಎಚ್‌ಡಿ ಯೋಜನೆ ಬರೆಯುತ್ತಿದ್ದೇನೆ. 120 ವಯಸ್ಕರು, ಬಾಲ್ಯದ ಹಿಂಸೆ ಅಳೆಯಲು ಸಿಟಿಕ್ಯೂ ಪ್ರಶ್ನಾವಳಿ, ಎಫ್‌ಕೆಬಿಪಿ5 ಎಂಬ ಒತ್ತಡದ ಜೀನಿನಲ್ಲಿ ಒಬ್ಬೊಬ್ಬರಿಗೆ ಬೇರೆಯಾಗುವ ಒಂದು ಅಕ್ಷರ (ಆರ್‌ಎಸ್1360780), ಎಂಆರ್‌ಐನಲ್ಲಿ ಹಿಪೊಕ್ಯಾಂಪಸ್ (ನೆನಪಿಗೆ ಮುಖ್ಯವಾದ ಮಿದುಳಿನ ಭಾಗ) ಗಾತ್ರ. ಜೀನೂ ಹಿಂಸೆಯೂ ಕೂಡಿದಾಗ ಹಿಪೊಕ್ಯಾಂಪಸ್ ಹೆಚ್ಚು ಚಿಕ್ಕದಾಗುತ್ತದೆಯೇ ಎಂಬುದು ಪ್ರಶ್ನೆ. ರಕ್ತ ತೆಗೆಯಲೋ, ಎಂಜಲು ಸಾಕೋ?

ಲೆಕ್ಕದ ಮೇಷ್ಟ್ರು: ರಕ್ತ, ಎಂಜಲು ಆಮೇಲೆ. ಮೊದಲು ತಲೆ ಎಣಿಸಿ. ಆ ಜಾಗದ ಅಪಾಯದ ರೂಪ, ಅಂದರೆ ಟಿ ಅಲೀಲ್, 30% ಅಂದುಕೊಂಡರೆ ಅಪ್ಪ ಅಮ್ಮ ಇಬ್ಬರಿಂದಲೂ ಅದನ್ನೇ ಪಡೆದ ಟಿಟಿ ಇರುವವರು 9%, ಅಂದರೆ 120ರಲ್ಲಿ 11 ಜನ. ಅವರಲ್ಲಿ ಮೂರನೇ ಒಂದು ಪಾಲಿಗೆ ಹಿಂಸೆ ಆಗಿದ್ದರೆ ನಿಮ್ಮ ಕೈಗೆ ಸಿಗುವುದು ನಾಲ್ಕೇ ನಾಲ್ಕು ಮಿದುಳು. ಟಿ ಇರುವವರು ಇಲ್ಲದವರು, ಹಿಂಸೆ ಆದವರು ಆಗದವರು ಅರ್ಧರ್ಧ ಇದ್ದರೂ, ಒಂಟಿ ಪರಿಣಾಮದಷ್ಟೇ ದೊಡ್ಡ ಕೂಡುಪರಿಣಾಮ (ಜೀನೂ ಹಿಂಸೆಯೂ ಸೇರಿದಾಗ ಹೆಚ್ಚುವರಿ ಆಗುವುದು) ಹಿಡಿಯಲು 4 ಪಟ್ಟು ಜನ ಬೇಕು; ಅದು ಅರ್ಧದಷ್ಟಿದ್ದರೆ 16 ಪಟ್ಟು.

ಈ ಕ್ಷೇತ್ರ ಹದಿನೈದು ವರ್ಷ ಕಳೆದುಕೊಂಡದ್ದು ಇಲ್ಲೇ. 2003ರಲ್ಲಿ ಕ್ಯಾಸ್ಪಿ ಮತ್ತು ಸಂಗಡಿಗರು ನ್ಯೂಜಿಲೆಂಡಿನ ಡ್ಯುನೆಡಿನ್‌ನ 847 ಜನರಲ್ಲಿ ಸೆರೊಟೋನಿನ್ ಸಾಗಣೆ ಜೀನಿನ ಗಿಡ್ಡ ರೂಪಕ್ಕೂ ಒತ್ತಡಕ್ಕೂ ಖಿನ್ನತೆಗೂ ಗಂಟು ಹಾಕಿದರು. 2018ರಲ್ಲಿ 38,802 ಜನರ ದತ್ತಾಂಶ ಒಟ್ಟುಗೂಡಿಸಿದಾಗ ಗಟ್ಟಿ ಪುರಾವೆ ಸಿಗಲಿಲ್ಲ. ಮರುವರ್ಷ ಖಿನ್ನತೆಯ 18 ಹೆಸರಾಂತ ಜೀನುಗಳನ್ನು ಲಕ್ಷಗಟ್ಟಲೆ ಜನರಲ್ಲಿ ನೋಡಿದರೆ, ಕಣ್ಣುಮುಚ್ಚಿ ಆರಿಸಿದ ಜೀನುಗಳಿಗಿಂತ ಅವು ಮೇಲೇನೂ ಅಲ್ಲ.

ಮಾಡಲೇಬೇಕೆಂದರೆ ವಯಸ್ಸು, ಲಿಂಗ, ವಂಶಮೂಲಗಳನ್ನು ಬರೀ ಸೇರಿಸಿದರೆ ಸಾಲದು. ಪ್ರತಿಯೊಂದನ್ನೂ ಜೀನಿನೊಂದಿಗೆ ಒಮ್ಮೆ, ಹಿಂಸೆಯೊಂದಿಗೆ ಒಮ್ಮೆ ಗುಣಿಸಿ ಮಾದರಿಗೆ ಹಾಕಬೇಕು. ಹೆಚ್ಚಿನವರು ಇದನ್ನು ಬಿಡುತ್ತಾರೆ.

ಜೀನ್ ಬೆಂಚು: ಮೇಷ್ಟ್ರೇ, ಎಲ್ಲ ಜೀನನ್ನೂ ಒಂದೇ ಗೋಣಿಗೆ ತುಂಬಬೇಡಿ. ಎಫ್‌ಕೆಬಿಪಿ5 ಏನು ಮಾಡುತ್ತದೆ ಎಂದು ಗೊತ್ತಿದೆ. ಅದರ ಪ್ರೋಟೀನು ಒತ್ತಡದ ಹಾರ್ಮೋನಾದ ಕಾರ್ಟಿಸಾಲಿನ ಗ್ರಾಹಕಕ್ಕೆ ಅಂಟಿಕೊಂಡು ಅದರ ಹಿಡಿತ ಸಡಿಲಿಸುತ್ತದೆ. ಕಾರ್ಟಿಸಾಲೇ ಆ ಜೀನನ್ನು ಎಬ್ಬಿಸುತ್ತದೆ. ಟಿ ಅಲೀಲ್ ಇದ್ದರೆ ಏಳುವುದು ಜೋರು, ಒತ್ತಡ ಇಳಿಯುವುದು ತಡ. 2013ರಲ್ಲಿ ಕ್ಲೆಂಗೆಲ್ ತಂಡ ತೋರಿಸಿದ್ದು ಇದರ ಮುಂದಿನ ಹೆಜ್ಜೆ: ಅಪಾಯದ ಅಲೀಲ್ ಇದ್ದು ಬಾಲ್ಯದಲ್ಲಿ ಹಿಂಸೆ ಆದವರಲ್ಲಿ ಆ ಜೀನಿನ 7ನೇ ಇಂಟ್ರಾನ್‌ನ (ಪ್ರೋಟೀನಿಗೆ ಸಂಕೇತ ಕೊಡದ ತುಣುಕು) ಮೀಥೈಲ್ ಗುರುತು, ಅಂದರೆ ಜೀನಿನ ಕೆಲಸ ಹೆಚ್ಚುಕಡಿಮೆ ಮಾಡುವ ರಾಸಾಯನಿಕ ಗುರುತು, ಕಳಚುತ್ತದೆ. ದೊಡ್ಡವರಾದ ಮೇಲಿನ ಆಘಾತಕ್ಕೆ ಹಾಗಾಗಲಿಲ್ಲ.

ಆದ್ದರಿಂದ ಬರೀ ಅಲೀಲ್ ನೋಡಬೇಡಿ, ಮೀಥೈಲೇಶನ್ ಅಳೆಯಿರಿ (ಈ ಗುರುತು ಎಷ್ಟಿದೆ ಎಂದು). ಅದಕ್ಕೆ ಮೀಥೈಲ್ ಇಲ್ಲದ ಸೈಟೋಸಿನ್ (ಡಿಎನ್‌ಎಯ ಒಂದು ಅಕ್ಷರ) ಬದಲಿಸುವ ಬೈಸಲ್ಫೈಟ್ ಹಾಕಿದಾಗ ಡಿಎನ್‌ಎ ತುಂಡಾಗುತ್ತದೆ. ಪಿಸಿಆರ್‌ನಲ್ಲಿ ನಕಲು ಮಾಡುವ ತುಣುಕು 300 ಬೇಸ್ (ಡಿಎನ್‌ಎ ಅಕ್ಷರ) ಒಳಗಿರಲಿ. ಪರಿವರ್ತನೆ ಅರೆಬರೆ ಆದರೆ ಮೀಥೈಲ್ ಇಲ್ಲದ ಸೈಟೋಸಿನ್ ಕೂಡ ಮೀಥೈಲ್ ಇರುವಂತೆ ಕಾಣುತ್ತದೆ; ಆದ್ದರಿಂದ ಪ್ರತಿ ಪ್ಲೇಟಿಗೂ (ಸ್ಯಾಂಪಲ್‌ಗಳ ತಟ್ಟೆ) ಪೂರ್ಣ ಮೀಥೈಲ್ ಆದದ್ದು, ಆಗದ್ದು ಎರಡು ಕಂಟ್ರೋಲ್ ಇಡಿ. ಹಿಂಸೆ ಆದವರನ್ನೆಲ್ಲ ಒಂದೇ ಪ್ಲೇಟಿಗೆ ತುಂಬಿದರೆ ಕೊನೆಗೆ ಅಳೆಯುವುದು ಪ್ಲೇಟನ್ನು. ಸಿಗರೇಟು ಸೇದುವವರಾ ಕೇಳಿ. ಹೊಗೆಯೂ ಮೀಥೈಲ್ ಬದಲಿಸುತ್ತದೆ, ಕಷ್ಟ ಕಂಡವರಲ್ಲಿ ಸೇದುವವರು ಹೆಚ್ಚು.

ಲೆಕ್ಕದ ಮೇಷ್ಟ್ರು: ಯಾಂತ್ರಿಕತೆ ಚೆಂದ ಇದ್ದರೆ ಸ್ಯಾಂಪಲ್ ದೊಡ್ಡದಾಗುವುದಿಲ್ಲ. ಸೆರೊಟೋನಿನ್ ಕಥೆಗೂ ಚೆಂದದ ಯಾಂತ್ರಿಕತೆ ಇತ್ತು. ಮತ್ತೆ, ರಕ್ತದ ಮೀಥೈಲ್ ಮಿದುಳಿನದಲ್ಲ.

ಜೀನ್ ಬೆಂಚು: ಅಲ್ಲ ಎಂದು ನಾನೂ ಹೇಳುತ್ತೇನೆ. ಅದಕ್ಕೆ ಇಡೀ ದಾರಿಯನ್ನೇ ಮುಚ್ಚುವುದೇ?

ಸ್ಕ್ಯಾನ್ ಡೆಸ್ಕ್: ಇಬ್ಬರೂ ಚಿತ್ರವನ್ನೇ ಮರೆತಿರಿ. ತಲೆ ಅಲ್ಲಾಡಿದರೆ ಬೂದು ಭಾಗ ಕಡಿಮೆ ಇದ್ದಂತೆ ಕಾಣುತ್ತದೆ. ಆತಂಕ ಇರುವವರು ಹೆಚ್ಚು ಅಲ್ಲಾಡುತ್ತಾರೆ, ಹಿಂಸೆ ಕಂಡವರಲ್ಲಿ ಆತಂಕ ಹೆಚ್ಚು. ಹೀಗೆ ಅಲುಗಾಟವೇ "ಕುಗ್ಗಿದ ಮಿದುಳು" ಎಂಬ ಫಲಿತಾಂಶವಾಗಿ ಹೊರಬರುತ್ತದೆ. ಮಿದುಳಿನ ರಚನೆ ತೋರಿಸುವ ಟಿ1 ಸರಣಿ 1 ಮಿಮೀ ವೋಕ್ಸೆಲ್‌ನಲ್ಲಿ (ಚಿತ್ರದ ಅತಿ ಚಿಕ್ಕ ಘನ) ಎರಡು ಸಲ ತೆಗೆಯಿರಿ. ಗುಂಪು ಯಾವುದೆಂದು ತಿಳಿಯದವರು ಪ್ರತಿ ಚಿತ್ರಕ್ಕೂ ಗುಣಮಟ್ಟದ ಅಂಕ ಕೊಡಲಿ. ತಲೆಬುರುಡೆ ಒಳಗಿನ ಒಟ್ಟು ಗಾತ್ರವನ್ನು ಲೆಕ್ಕಕ್ಕೆ ಹಿಡಿಯದೆ ಹಿಪೊಕ್ಯಾಂಪಸ್ ಹೋಲಿಸಬೇಡಿ. ಅಧ್ಯಯನದ ನಡುವೆ ಸ್ಕ್ಯಾನರ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಆದರೆ ಆ ತಾರೀಕು ಬರೆದಿಡಿ, ಮುಂಚಿನವರು ಬೇರೆ, ಆಮೇಲಿನವರು ಬೇರೆ.

ಮಕ್ಕಳ ಮನಶ್ಶಾಸ್ತ್ರ: ಮಗುವಿಗೆ ಆದದ್ದೇನು ಎಂದು ಇಲ್ಲಿ ಯಾರೂ ಕೇಳಲಿಲ್ಲವಲ್ಲ! ಸಿಟಿಕ್ಯೂನ 28 ಪ್ರಶ್ನೆಗಳಲ್ಲಿ 3 ಬರೀ ಮುಚ್ಚಿಡುವಿಕೆ ಹಿಡಿಯಲು. ಉಳಿದ 25 ಐದು ಬಗೆಯವು. ಅದನ್ನೆಲ್ಲ ಕೂಡಿ ಒಂದೇ ಅಂಕ ಮಾಡುವುದು ತಪ್ಪು. ಹೊಡೆತ, ಬೈಗುಳದಂಥ ಬೆದರಿಕೆ ಬೇರೆ. ನೋಡಿಕೊಳ್ಳುವವರೇ ಇಲ್ಲದ ಕೊರತೆ ಬೇರೆ. ಮೊದಲನೆಯದು ಭಯದ ಕಲಿಕೆಯನ್ನು, ಎರಡನೆಯದು ಭಾಷೆ ಮತ್ತು ಯೋಚನೆಯನ್ನು ಹೆಚ್ಚು ತಟ್ಟುತ್ತದೆ. ರೊಮೇನಿಯಾದ ಅನಾಥಾಲಯಗಳಿಂದ ಬ್ರಿಟನ್ನಿಗೆ ದತ್ತು ಹೋದ 67 ಜನರ ಮಿದುಳಿನ ಒಟ್ಟು ಗಾತ್ರ, ಬ್ರಿಟನ್ನಿನೊಳಗೇ ದತ್ತು ಹೋದವರಿಗಿಂತ 8.6% ಕಡಿಮೆ ಇತ್ತು, 2020ರ ವರದಿ. ರೊಮೇನಿಯಾದ ರಾಜಧಾನಿ ಬುಖಾರೆಸ್ಟ್‌ನಲ್ಲಿ ಅನಾಥಾಲಯದ 136 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ ಅರ್ಧದಷ್ಟು ಮಕ್ಕಳನ್ನು ಪೋಷಕ ಕುಟುಂಬಗಳಿಗೆ ಕೊಟ್ಟರು. ಅಲ್ಲಿ ಜೀನು ಎರಡೂ ಕಡೆ ಸಮನಾಗಿ ಹಂಚಿಹೋಗುತ್ತದೆ. ಮನೆಯಲ್ಲಿ ಬೆಳೆದವರಲ್ಲಿ ಹಾಗಲ್ಲ: ಅಪ್ಪ ಅಮ್ಮ ಕೊಡುವುದು ಜೀನನ್ನೂ ಮನೆಯನ್ನೂ ಒಟ್ಟಿಗೇ.

ಲೆಕ್ಕದ ಮೇಷ್ಟ್ರು: ಒಪ್ಪಿದೆ. ಆದರೆ ವಯಸ್ಕರ ನೆನಪು? ಬಾಲ್ಯದಲ್ಲೇ ದಾಖಲಾದ ಹಿಂಸೆಗೂ ಆಮೇಲೆ ಹೇಳಿದ ಹಿಂಸೆಗೂ ಹೊಂದಾಣಿಕೆಯ ಕಪ್ಪಾ (1 ಇದ್ದರೆ ಪೂರ್ಣ ಹೊಂದಾಣಿಕೆ) ಬರೀ 0.19. ಇದು ಹಲವು ಅಧ್ಯಯನ ಒಟ್ಟುಗೂಡಿಸಿದ 2019ರ ಮೆಟಾ ವಿಶ್ಲೇಷಣೆ.

ಮಕ್ಕಳ ಮನಶ್ಶಾಸ್ತ್ರ: ಆ ಸಂಖ್ಯೆ ಹಿಡಿದು ಸಂತ್ರಸ್ತರನ್ನು ಸುಳ್ಳರು ಮಾಡಬೇಡಿ. ದಾಖಲೆಯಲ್ಲಿ ಬರುವುದು ಯಾರೋ ಕಂಡು ದೂರು ಕೊಟ್ಟದ್ದು ಮಾತ್ರ. ಮನೋರೋಗಕ್ಕೆ ದಾಖಲೆಗಿಂತ ನೆನಪೇ ಹತ್ತಿರದ ನಂಟು ಎಂದು 2020ರಲ್ಲೇ ತೋರಿಸಿದ್ದಾರೆ.

ಲೆಕ್ಕದ ಮೇಷ್ಟ್ರು: ಸುಳ್ಳರು ಎಂದು ನಾನೆಲ್ಲಿ ಅಂದೆ? ದಾಖಲೆಯಲ್ಲಿ ಇರುವವರು, ನೆನಪಿನಿಂದ ಹೇಳುವವರು ಎರಡು ಬೇರೆ ಗುಂಪು ಎಂಬುದಷ್ಟೇ ನನ್ನ ಮಾತು. ಖಿನ್ನತೆಯಲ್ಲಿದ್ದಾಗ ಕೆಟ್ಟ ನೆನಪು ಮುಂದೆ ಬರುತ್ತದೆ. ಪ್ರಶ್ನಾವಳಿ ಕೊಟ್ಟ ದಿನವೇ ಖಿನ್ನತೆಯ ಅಂಕವನ್ನೂ ತೆಗೆದುಕೊಳ್ಳಲಿ.

ಕೇಳಿದವರು: ರಕ್ತವೋ ಎಂಜಲೋ ಇನ್ನೂ ಯಾರೂ ಹೇಳಲಿಲ್ಲ.

ಜೀನ್ ಬೆಂಚು: ಅಲೀಲಿಗಷ್ಟೇ ಆದರೆ ಎಂಜಲು ಧಾರಾಳ ಸಾಕು. ಮೀಥೈಲೇಶನ್‌ಗೆ ರಕ್ತ: ಎಂಜಲಿನಲ್ಲಿ ಕೆನ್ನೆಯ ಒಳಪದರದ ಕೋಶವೂ ಬಿಳಿರಕ್ತಕಣವೂ ಒಬ್ಬೊಬ್ಬರಲ್ಲಿ ಒಂದೊಂದು ಪಾಲು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ ತೆಗೆಯಿರಿ, ಅದೇ ಕೆಲಸದ ಹೆಪಾರಿನ್ ಪಿಸಿಆರ್ ಕೆಡಿಸುತ್ತದೆ. ಅದೇ ದಿನ ಬಿಳಿಕಣಗಳ ವಿಂಗಡ ಎಣಿಕೆಯನ್ನೂ ಮಾಡಿಸಿ.