ಅಮ್ಮನ ಬೆನ್ನಿಗೆ ರೋಬೋಟ್ ಆಪರೇಷನ್ ಅಂತಿದ್ದಾರೆ, ಮಾಡಿಸಬಹುದಾ?

ಆಲ್ದೂರು ಕಡೆಯವಳು:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ಎರಡು ವರ್ಷದಿಂದ ಸೊಂಟ ನೋವು, ಈಗ ಆರು ತಿಂಗಳಿಂದ ಬಲಗಾಲಿಗೂ ಇಳಿದಿದೆ. ಮನೆಯಿಂದ ಕಾಫಿ ಕಣಕ್ಕೆ ಹೋಗುವಷ್ಟರಲ್ಲಿ ಎರಡು ಸಲ ಕೂರುತ್ತಾರೆ, ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಹಗುರ. ಮಾತ್ರೆ, ಫಿಸಿಯೋಥೆರಪಿ, ಬೆನ್ನಿಗೆ ಇಂಜೆಕ್ಷನ್ ಎಲ್ಲ ಆಯಿತು. ಎಂಆರ್‌ಐ ನೋಡಿ, ಸೊಂಟದ ಬೆನ್ನೆಲುಬಿನ ಎಲ್4 ಮೂಳೆ ಅದರ ಕೆಳಗಿನ ಎಲ್5 ಮೇಲೆ ಮುಂದಕ್ಕೆ ಜಾರಿದೆ, ನರ ಒತ್ತಿಕೊಂಡಿದೆ, ಸ್ಕ್ರೂ ಹಾಕಿ ಎರಡನ್ನೂ ಕೂಡಿಸಬೇಕು ಎಂದರು. ಬೆಂಗಳೂರಿನ ಡಾಕ್ಟರು ರೋಬೋಟ್‌ನಲ್ಲಿ ಮಾಡೋಣ ಅಂತಾರೆ. ಖರ್ಚು ಜಾಸ್ತಿ. ಅಮ್ಮ ಮಾತ್ರ "ಮಿಷನ್ ಕೈಗೆ ನನ್ನ ಬೆನ್ನು ಕೊಡಲ್ಲ" ಅಂತ ಹಟ ಹಿಡಿದಿದ್ದಾರೆ. ಕಾಫಿ ಕುಯ್ಲಿಗೆ ಮುಂಚೆ ಏನಾದರೂ ತೀರ್ಮಾನ ಆಗಬೇಕು. ಗೊತ್ತಿರುವವರು ಹೇಳಿ.

ಓಟಿ ಸ್ಟಾಫ್ ಹಾಸನ:
ಅಕ್ಕಾ, ಅಮ್ಮನಿಗೆ ಮೊದಲು ಇದನ್ನು ಹೇಳಿ: ಕೊಯ್ಯುವುದು ರೋಬೋಟ್ ಅಲ್ಲ, ಡಾಕ್ಟರೇ. ಒಂದೊಂದು ಬೆನ್ನೆಲುಬಿಗೂ ಎರಡು ಪಕ್ಕ ಪೆಡಿಕಲ್ ಎನ್ನುವ ಕಿರಿದಾದ ಮೂಳೆ ಇರುತ್ತದೆ, ಸ್ಕ್ರೂ ಅದರೊಳಗಿಂದಲೇ ಹೋಗಬೇಕು, ಸ್ವಲ್ಪ ಒಳಗೆ ವಾಲಿದರೂ ಪಕ್ಕದಲ್ಲೇ ನರ. ಹಾಗಾಗಿ ಸಿಟಿ ಸ್ಕ್ಯಾನ್ ಇಟ್ಟುಕೊಂಡು ಯಾವ ಸ್ಕ್ರೂ ಎಲ್ಲಿಂದ, ಯಾವ ಕೋನದಲ್ಲಿ, ಎಷ್ಟು ಉದ್ದ ಅಂತ ಡಾಕ್ಟರು ಕಂಪ್ಯೂಟರಿನಲ್ಲಿ ಗುರುತು ಹಾಕುತ್ತಾರೆ. ರೋಬೋಟಿನ ತೋಳು ಒಂದು ಕೊಳವೆ ಹಿಡಿದು ಆ ಜಾಗಕ್ಕೆ ಬಂದು ಅಲುಗದೆ ನಿಲ್ಲುತ್ತದೆ. ಅದರೊಳಗಿಂದ ಡ್ರಿಲ್ ಹಾಕುವುದು ಡಾಕ್ಟರ ಕೈ. ಅಮ್ಮನಿಗೆ ಒಂದು ಜೋಡಿ ಮೂಳೆ ಅಂದರೆ ಸಾಮಾನ್ಯವಾಗಿ ನಾಲ್ಕು ಸ್ಕ್ರೂ. ಇದೇನು ನಿನ್ನೆ ಮೊನ್ನೆ ಬಂದದ್ದಲ್ಲ, ಅಮೆರಿಕದಲ್ಲಿ ಇಂಥ ಮೊದಲ ಯಂತ್ರಕ್ಕೆ 2004ರಲ್ಲೇ ಒಪ್ಪಿಗೆ ಸಿಕ್ಕಿದೆ.
ಲಾಭ ಏನೆಂದರೆ ಸ್ಕ್ರೂ ಜಾಗಕ್ಕೆ ಸರಿಯಾಗಿ ಕೂರುತ್ತದೆ, ಚಿಕ್ಕ ಗಾಯದಲ್ಲೇ ಕೆಲಸ ಮುಗಿಸಲು ಅನುಕೂಲ, ಆಗ ಬೆನ್ನಿನ ಸ್ನಾಯು ಬಿಡಿಸುವುದು ಕಡಿಮೆ, ರಕ್ತ ಹೋಗುವುದೂ ಕಡಿಮೆ. ಆದರೆ ನರದ ಒತ್ತಡ ಬಿಡಿಸುವುದು ಡಾಕ್ಟರ ಕೈಕೆಲಸ. ಮೂಳೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು, ರೋಬೋಟ್ ಇದ್ದರೂ ಅದು ಬೇಗ ಆಗುವುದಿಲ್ಲ. ಈ ವಯಸ್ಸಿನ ಹೆಂಗಸರಿಗೆ ಮೂಳೆ ಟೊಳ್ಳಾಗಿದ್ದರೆ ಎಷ್ಟು ಸರಿಯಾಗಿ ಹಾಕಿದ ಸ್ಕ್ರೂ ಕೂಡ ಸಡಿಲ ಆಗಬಹುದು. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದೀರಾ?

ಸಕಲೇಶಪುರದಿಂದ:
ನಮ್ಮ ಯಜಮಾನರಿಗೆ ಹೋದ ವರ್ಷ ರೋಬೋಟಿನಲ್ಲೇ ಆಯಿತು. ಮಾರನೇ ದಿನ ವಾಕರ್ ಹಿಡಿದು ನಿಂತರು. ಗಾಯ ಚಿಕ್ಕದು ಅಂತ ನೋವೇ ಇರಲ್ಲ ಅಂದುಕೊಳ್ಳಬೇಡಿ, ಮೂರು ವಾರ ಮಗ್ಗುಲು ಬದಲಿಸಲೂ ಕಷ್ಟ ಆಯಿತು. ಕಾಲಿನ ಸೆಳೆತ ಆವತ್ತೇ ಹೋಯಿತು, ಬೆರಳಿನ ಜೋಮು ಹೋಗಲು ನಾಲ್ಕು ತಿಂಗಳು ಬೇಕಾಯಿತು. ನಾವು ಬೆಂಗಳೂರಿನಿಂದ ಒಂದೇ ಸಲಕ್ಕೆ ಊರಿಗೆ ಬರಲಿಲ್ಲ, ಹಾಸನದಲ್ಲಿ ತಂಗಿ ಮನೆಯಲ್ಲಿ ಎರಡು ದಿನ ಮಲಗಿಸಿ ಆಮೇಲೆ ಕರೆತಂದೆವು, ತೋಟದ ರಸ್ತೆ ಗೊತ್ತಲ್ಲ. ಮನೆಯಲ್ಲಿ ನೆಲದ ಕಕ್ಕಸು ಇದ್ದರೆ ಈಗಲೇ ಕಮೋಡ್ ಕುರ್ಚಿ ತಂದಿಡಿ. ಈ ಸಲದ ಕುಯ್ಲು ಅಮ್ಮ ಮರೆಯಲಿ.

ಬೇಲೂರು ಮೇಷ್ಟ್ರು:
ನೋಡಮ್ಮ, ನನಗೆ ಏಳು ವರ್ಷದ ಹಿಂದೆ ಮಂಗಳೂರಿನಲ್ಲಿ ರೋಬೋಟ್ ಇಲ್ಲದೆಯೇ ನಾಲ್ಕು ಸ್ಕ್ರೂ ಹಾಕಿದರು. ಇವತ್ತಿಗೂ ದಿನಾ ಕೆರೆ ಏರಿ ಮೇಲೆ ನಡೆಯುತ್ತೇನೆ. ಕೈ ಪಳಗಿದ ಡಾಕ್ಟರು ಸಿಕ್ಕರೆ ಹಳೆಯ ರೀತಿಯೂ ಚೆನ್ನಾಗಿಯೇ ಆಗುತ್ತದೆ. ತಿಂಗಳಿಗೆ ಇಂಥವು ಎಷ್ಟು ಮಾಡುತ್ತೀರಿ, ನಡುವೆ ಯಂತ್ರ ಕೈಕೊಟ್ಟರೆ ಕೈಯಲ್ಲೇ ಮುಗಿಸುತ್ತೀರಾ ಅಂತ ಸಂಕೋಚ ಬಿಟ್ಟು ಕೇಳು. ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ಮೂಳೆ ವಿಭಾಗಕ್ಕೂ ಒಮ್ಮೆ ತೋರಿಸು. ಬಿಪಿಎಲ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳಿ ಇಟ್ಟುಕೋ. ರೋಬೋಟಿನ ಹೆಚ್ಚುವರಿ ದುಡ್ಡು ಅದರಲ್ಲಿ ಬರುತ್ತದಾ ಅಂತ ಬರೆಸಿಕೊಳ್ಳದೆ ಸುಮ್ನೆ ಅಡ್ಮಿಟ್ ಮಾಡಬೇಡ.

ಆಲ್ದೂರು ಕಡೆಯವಳು:
ತುಂಬಾ ಥ್ಯಾಂಕ್ಸ್. ಓದಿ ಹೇಳಿದೆ, "ಡಾಕ್ಟರು ಅಲ್ಲೇ ನಿಂತಿರ್ತಾರೆ ಅಂದ್ರೆ ಸರಿ" ಎಂದರು. ಡೆಕ್ಸಾ ಯಾರೂ ಹೇಳಿರಲಿಲ್ಲ, ಸೋಮವಾರ ಹಾಸನಕ್ಕೆ ಹೋದಾಗ ಕೇಳುತ್ತೇವೆ. ಇನ್ನೊಂದು, ಮೂರು ದಿನದಿಂದ ಬಲಗಾಲಿನ ಚಪ್ಪಲಿ ಕಳಚಿ ಹೋಗುತ್ತಿದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಇದೂ ಅದಕ್ಕೇನಾ?

ಓಟಿ ಸ್ಟಾಫ್ ಹಾಸನ:
ಅಕ್ಕಾ, ಸೋಮವಾರದವರೆಗೆ ಕಾಯಬೇಡಿ. ಹಿಮ್ಮಡಿ ಊರಿ ಪಾದ ಮೇಲೆತ್ತಲು ಹೇಳಿ ನೋಡಿ. ಎತ್ತಲು ಆಗದಿದ್ದರೆ ನರ ಸೋಲುತ್ತಿದೆ ಎಂದರ್ಥ, ತಡ ಮಾಡಿದಷ್ಟೂ ಅದು ವಾಪಸ್ ಬರುವುದು ಕಷ್ಟ. ಮೂತ್ರ ಕಟ್ಟುವುದು, ಗೊತ್ತಿಲ್ಲದೆ ಹೋಗುವುದು, ಕೂರುವ ಜಾಗ ಮರಗಟ್ಟುವುದು ಇದ್ದರಂತೂ ರಾತ್ರಿಯೇ ಹೊರಡಬೇಕು. ರೋಬೋಟ್ ಬೇಕಾ ಬೇಡವಾ ಆಮೇಲೆ ನೋಡೋಣ.

ಆಲ್ದೂರು ಕಡೆಯವಳು:
ಎತ್ತಲು ಆಗುತ್ತಿಲ್ಲ. ಮೂತ್ರದ ತೊಂದರೆ ಏನೂ ಇಲ್ಲ ಅಂತಾರೆ. ಗಾಡಿಗೆ ಹೇಳಿದ್ದೇನೆ, ಬೆಳಿಗ್ಗೆ 5ಕ್ಕೆ ಹೊರಡುತ್ತೇವೆ.